ಸಾಲಿನಲ್ಲಿ ನಿಂತವರ ಲೆಕ್ಕ

ಬ್ಯಾಂಕು, ಅಂಚೆ ಕಚೇರಿ, ರೈಲು ನಿಲ್ದಾಣ, ಆಸ್ಪತ್ರೆ - ಎಲ್ಲಿಗೆ ಹೋದರೂ ನಮ್ಮನ್ನು ಮೊದಲು ಎದುರುಗೊಳ್ಳುವುದು ಒಂದು ಸಾಲು. ಸಾಲು ಉದ್ದವಾದಾಗ ನಾವು ಗುಮಾಸ್ತನನ್ನು ಬೈಯುತ್ತೇವೆ. ಗುಮಾಸ್ತನು ಜನಜಂಗುಳಿಯನ್ನು ಬೈಯುತ್ತಾನೆ. ಇಬ್ಬರಲ್ಲಿ ಯಾರ ತಪ್ಪೂ ಇಲ್ಲದೆಯೇ ಸಾಲು ಬೆಳೆಯಬಲ್ಲದೆಂಬುದನ್ನು ಗಣಿತಶಾಸ್ತ್ರವು ಬಹಳ ಹಿಂದೆಯೇ ತೋರಿಸಿಕೊಟ್ಟಿದೆ. ನಾನು ಅದನ್ನು ಅರಿತದ್ದು ತಡವಾಗಿ, ಅದೂ ಒಂದು ತಪ್ಪನ್ನು ಮಾಡಿದ ಮೇಲೆ. ಆದ್ದರಿಂದ ಆ ತಪ್ಪಿನಿಂದಲೇ ಆರಂಭಿಸುತ್ತೇನೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಬ್ಯಾಂಕ್ ಶಾಖೆಯ ವ್ಯವಸ್ಥಾಪಕನಾಗಿದ್ದೆ. ಪಿಂಚಣಿದಾರರಿಗೆಂದು ಅಲ್ಲಿ ಎರಡು ಕಿಟಕಿಗಳಿದ್ದವು. ನನ್ನ ಕೋಣೆಯ ಗಾಜಿನಿಂದ ನೋಡಿದಾಗಲೆಲ್ಲ ಇಬ್ಬರಲ್ಲಿ ಒಬ್ಬ ಗುಮಾಸ್ತನಾದರೂ ಕೈಕಟ್ಟಿ ಕುಳಿತಿರುತ್ತಿದ್ದ. ಸಂಬಳ ಕೊಟ್ಟು ಸುಮ್ಮನೆ ಕೂಡಿಸುವುದು ಯಾವ ನ್ಯಾಯವೆಂದು ಮನಸ್ಸು ಕುಟುಕುತ್ತಿತ್ತು. ಕಾಗದ ತೆಗೆದು ಲೆಕ್ಕ ಹಾಕಿದೆ. ಗಂಟೆಗೆ ಸರಾಸರಿ 11 ಜನ ಬರುತ್ತಾರೆ. ಒಬ್ಬರ ಕೆಲಸಕ್ಕೆ ಸರಾಸರಿ 5 ನಿಮಿಷ ಬೇಕು. ಹಾಗಾದರೆ ಒಂದೇ ಕಿಟಕಿಯು ಗಂಟೆಗೆ 12 ಜನರನ್ನು ಕಳುಹಿಸಿಕೊಡಬಲ್ಲದು. ಎರಡನೆಯ ಕಿಟಕಿ ಏತಕ್ಕೆ? ಅದನ್ನು ಮುಚ್ಚಿಸಿ ಆ ಗುಮಾಸ್ತನನ್ನು ಸಾಲ ವಿಭಾಗಕ್ಕೆ ಹಾಕಿದೆ. ಮೇಲಿನವರಿಂದ ಮೆಚ್ಚುಗೆಯ ಮಾತೂ ಬಂದಿತು.

ಎರಡನೆಯ ತಿಂಗಳಲ್ಲಿ ಸಾಲು ಹೊರಗಿನ ಮೆಟ್ಟಿಲು ಮುಟ್ಟಿತು. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರು ಬಹಳ ಹೊತ್ತು ನಿಂತು, ಗೋಡೆಗೆ ಒರಗಿ, ಹಾಗೆಯೇ ಕುಸಿದು ಕುಳಿತರು. ನೀರು ಕೊಟ್ಟು ಗಾಳಿ ಬೀಸಿದೆವು. ಚೇತರಿಸಿಕೊಂಡ ಮೇಲೆ ಅವರು ಹೇಳಿದ್ದು ಇಷ್ಟೇ: "ಮುಂದಿನ ತಿಂಗಳು ಬರ್ತೀನ್ರೀ, ಈಗ ಮನೀಗೆ ಕಳಸ್ರಿ." ಪಿಂಚಣಿ ಪಡೆಯದೆಯೇ ಹೊರಟುಹೋದರು. ಅಂದು ಸಂಜೆ ಹಣವನ್ನು ನಾನೇ ಅವರ ಮನೆಗೆ ಮುಟ್ಟಿಸಿ, ಮರುದಿನವೇ ಎರಡನೆಯ ಕಿಟಕಿಯನ್ನು ತೆರೆಸಿದೆ. ಆದರೆ ನನ್ನ ಲೆಕ್ಕ ಎಲ್ಲಿ ತಪ್ಪಿತೆಂಬುದು ಮಾತ್ರ ಹೊಳೆಯಲಿಲ್ಲ. ಹನ್ನೆರಡು ಹನ್ನೊಂದಕ್ಕಿಂತ ದೊಡ್ಡದಲ್ಲವೇ?

ಇದರ ಉತ್ತರವನ್ನು ಒಂದೆರಡು ವರ್ಷಗಳ ನಂತರ ತರಬೇತಿಯ ತರಗತಿಯೊಂದರಲ್ಲಿ ಕರಿಹಲಗೆಯ ಮೇಲೆ ಕಂಡೆ. ಸರತಿ ಸಾಲಿನ ಸಿದ್ಧಾಂತವೆಂದು ಅದರ ಹೆಸರು. ಅದರ ಮೂಲಪುರುಷ ಡೆನ್ಮಾರ್ಕ್ ದೇಶದ ಅಗ್ನರ್ ಕ್ರಾರೂಪ್ ಎರ್ಲಾಂಗ್. 1878ರಲ್ಲಿ ಶಾಲಾ ಉಪಾಧ್ಯಾಯರ ಮಗನಾಗಿ ಹುಟ್ಟಿ, ತಾನೂ ಕೆಲವು ವರ್ಷ ಶಾಲೆಗಳಲ್ಲಿ ಪಾಠ ಹೇಳಿ, 1908ರಲ್ಲಿ ಕೋಪನ್‌ಹೇಗನ್ ನಗರದ ದೂರವಾಣಿ ಕಂಪನಿಯನ್ನು ಸೇರಿದವರು. ಆಗ ದೂರವಾಣಿ ಕರೆಗಳನ್ನು ವಿನಿಮಯ ಕೇಂದ್ರದ ಕೆಲಸಗಾರರು ಕೈಯಿಂದಲೇ ಜೋಡಿಸಬೇಕಾಗಿತ್ತು. ಎಷ್ಟು ತಂತಿಗಳಿರಬೇಕು, ಎಷ್ಟು ಜನ ಕೆಲಸಗಾರರಿರಬೇಕು? ಕಡಿಮೆ ಮಾಡಿದರೆ ಗಿರಾಕಿ ಕಾಯುತ್ತಾನೆ. ಹೆಚ್ಚು ಮಾಡಿದರೆ ಕಂಪನಿಗೆ ನಷ್ಟ. ಕರೆಗಳು ಹೇಳಿ ಕೇಳಿ ಬರುವುವಲ್ಲ. ಈ ಅನಿಶ್ಚಿತತೆಗೂ ಒಂದು ನಿಯಮವಿದೆಯೆಂಬುದನ್ನು ಎರ್ಲಾಂಗ್ 1909ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. 1917ರ ಪ್ರಬಂಧದಲ್ಲಿ ಕಾಯುವಿಕೆಯ ಸೂತ್ರಗಳನ್ನು ಕೊಟ್ಟರು. ದೂರವಾಣಿ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಇಂದಿಗೂ ಅವರದೇ ಹೆಸರು. ತಂತಿಗೆ ಹೇಳಿದ ಮಾತು ಕಿಟಕಿಗೂ ಸಲ್ಲುತ್ತದೆ.

ಈಗ ನನ್ನ ಕಿಟಕಿಗೆ ಮರಳೋಣ. ಜನರು ತಮಗೆ ತೋಚಿದ ಹೊತ್ತಿಗೆ ಬರುತ್ತಾರೆ, ಒಬ್ಬರ ಕೆಲಸ ಎರಡು ನಿಮಿಷದಲ್ಲಿ ಮುಗಿದರೆ ಇನ್ನೊಬ್ಬರದು ಹನ್ನೆರಡು ನಿಮಿಷ ಹಿಡಿಯುತ್ತದೆ, ಸರಾಸರಿ ಮಾತ್ರ 5 ನಿಮಿಷ - ಹೀಗೆಂದು ಇಟ್ಟುಕೊಳ್ಳಿ. ಕಿಟಕಿ ಒಂದೇ. ಗಂಟೆಗೆ 6 ಜನ ಬಂದರೆ, ಸೂತ್ರದ ಪ್ರಕಾರ, ಸಾಲಿನಲ್ಲಿ ಸರಾಸರಿ 5 ನಿಮಿಷ ಕಾಯಬೇಕು. 9 ಜನ ಬಂದರೆ 15 ನಿಮಿಷ. 10 ಜನ ಬಂದರೆ 25 ನಿಮಿಷ. 11 ಜನ ಬಂದರೆ? 55 ನಿಮಿಷ! ಹತ್ತರಿಂದ ಹನ್ನೊಂದಕ್ಕೆ ಏರಿದ್ದು ಒಬ್ಬನೇ ಒಬ್ಬ. ಕಾಯುವಿಕೆಯು ಎರಡು ಪಟ್ಟನ್ನೂ ಮೀರಿತು. ಹನ್ನೆರಡಕ್ಕೆ ಹನ್ನೆರಡು ಬಂದರಂತೂ ಸಾಲಿಗೆ ಮಿತಿಯೇ ಇಲ್ಲ. ಇವೆಲ್ಲ ಬಹಳ ಹೊತ್ತು ಹಾಗೆಯೇ ನಡೆದಾಗಿನ ಸರಾಸರಿಗಳು. ನತದೃಷ್ಟನ ಪಾಲಿಗೆ ಇದಕ್ಕಿಂತ ಹೆಚ್ಚೇ ಬೀಳುತ್ತದೆ.

ಹೀಗೇಕೆ? ಗುಮಾಸ್ತನ ಬಿಡುವನ್ನು ಡಬ್ಬದಲ್ಲಿ ತುಂಬಿಡಲು ಬರುವುದಿಲ್ಲ. ಹತ್ತೂವರೆಗೆ ಯಾರೂ ಬರಲಿಲ್ಲ, ಆ ಐದು ನಿಮಿಷ ಹೋಯಿತು, ಹೋಗಿಯೇ ಬಿಟ್ಟಿತು. ಹನ್ನೊಂದಕ್ಕೆ ನಾಲ್ವರು ಒಟ್ಟಿಗೆ ಬಂದಾಗ ಆ ಐದು ನಿಮಿಷವನ್ನು ಮರಳಿ ತಂದು ಖರ್ಚು ಮಾಡಲಾಗದು. ಹೀಗೆ ಬೆಳೆದ ಸಾಲು ಕರಗಬೇಕಾದರೆ ಮುಂದೆ ಬಿಡುವಿರಬೇಕು. ಹನ್ನೆರಡರಲ್ಲಿ ಹನ್ನೊಂದು ಪಾಲು ತುಂಬಿದ ದಿನದಲ್ಲಿ ಆ ಬಿಡುವೆಲ್ಲಿ?

ಎರಡು ಕಿಟಕಿಗಳಿದ್ದು, ಎರಡಕ್ಕೂ ಸೇರಿ ಒಂದೇ ಸಾಲು ಇದ್ದಿದ್ದರೆ, ಅದೇ 11 ಜನ ಸರಾಸರಿ ಎಷ್ಟು ಕಾಯುತ್ತಿದ್ದರು? ಕರಿಹಲಗೆಯ ಮೇಲೆ ಉತ್ತರ ಬಂದಾಗ ನಾನು ನಂಬಲಿಲ್ಲ; ಮನೆಗೆ ಬಂದು ರಾತ್ರಿ ಮತ್ತೆ ಮಾಡಿ ನೋಡಿದೆ. ಒಂದೂವರೆ ನಿಮಿಷಕ್ಕಿಂತಲೂ ಕಡಿಮೆ. ನಾನು ಉಳಿಸಿದ್ದು ಗಂಟೆಗೆ ಒಬ್ಬ ಗುಮಾಸ್ತನ ಒಂದು ಗಂಟೆ. ಅದಕ್ಕಾಗಿ ಆ ಹನ್ನೊಂದು ಮಂದಿ ವೃದ್ಧರು ಒಟ್ಟಾರೆ ತೆತ್ತದ್ದು ಸುಮಾರು 10 ಗಂಟೆ. ಅವರು ಸಂಬಳದವರಲ್ಲವಾದ್ದರಿಂದ ಆ ಹತ್ತು ಗಂಟೆ ಯಾವ ಖಾತೆಯಲ್ಲಿಯೂ ಖರ್ಚಾಗಿ ಕಾಣಲಿಲ್ಲ. ಕೈಕಟ್ಟಿ ಕುಳಿತಂತೆ ಕಂಡ ಆ ಗುಮಾಸ್ತನು ನಿಜವಾಗಿ ಆ ತಾಯಿಯ ಕಾಲಿಗೆ ಆಸರೆಯಾಗಿದ್ದ.

"ಒಂದೇ ಸಾಲು" ಎಂದೆನಲ್ಲ, ಅದರ ಬಗ್ಗೆಯೂ ಎರಡು ಮಾತು. ಕಿಟಕಿಗೊಂದು ಸಾಲು ಇದ್ದಾಗ, ನಾವು ನಿಂತ ಸಾಲೇ ನಿಧಾನವೆಂದು ಎಲ್ಲರಿಗೂ ಅನಿಸುತ್ತದೆ. ಇದು ಬರಿಯ ಭ್ರಮೆಯಲ್ಲ: ಮೂರು ಸಾಲುಗಳಿದ್ದರೆ ನಮ್ಮದೇ ಎಲ್ಲಕ್ಕಿಂತ ವೇಗವಾಗುವ ಸಂಭವ ಮೂರರಲ್ಲೊಂದು ಮಾತ್ರ. ಎರಡು ಕಿಟಕಿಗಳಿಗೆ ಗಂಟೆಗೆ ಹತ್ತು ಹತ್ತು ಜನ ಬೇರೆ ಬೇರೆ ಸಾಲಾಗಿ, ಆಚೀಚೆ ಬದಲಾಯಿಸದೆ ನಿಂತರೆ ಸರಾಸರಿ 25 ನಿಮಿಷ ಕಾಯಬೇಕು. ಅದೇ ಇಪ್ಪತ್ತು ಜನ ಒಂದೇ ಸಾಲಾಗಿ ನಿಂತು, ಯಾವ ಕಿಟಕಿ ತೆರವಾಯಿತೋ ಅಲ್ಲಿಗೆ ಹೋದರೆ 11 ನಿಮಿಷ ಚಿಲ್ಲರೆ. ಒಬ್ಬ ಗುಮಾಸ್ತನೂ ಹೆಚ್ಚಿಲ್ಲ. ಒಂದು ಹಗ್ಗ ಕಟ್ಟಿದರಾಯಿತು. ಮೊದಲು ಬಂದವನಿಗೆ ಮೊದಲು ಎಂಬ ನ್ಯಾಯವೂ ಉಳಿಯುತ್ತದೆ.

ನಮ್ಮ ದೇಶದಲ್ಲಿ ಇದರ ದೊಡ್ಡ ದೃಷ್ಟಾಂತ ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆ. ಗಣಕಯಂತ್ರ ಬರುವುದಕ್ಕೆ ಮೊದಲು ಆಯಾ ಗಾಡಿಯ ದಪ್ಪ ಪುಸ್ತಕವಿದ್ದ ಕಿಟಕಿಯಲ್ಲಿಯೇ ಆಯಾ ಗಾಡಿಯ ಟಿಕೆಟು. ಪಕ್ಕದ ಕಿಟಕಿ ಖಾಲಿಯಿದ್ದರೂ ನಮಗೆ ಪ್ರಯೋಜನವಿರಲಿಲ್ಲ. 1986ರ ಹೊತ್ತಿಗೆ ದೆಹಲಿಯಲ್ಲಿ ಗಣಕೀಕರಣವಾಗಿ ಯಾವ ಕಿಟಕಿಯಲ್ಲಾದರೂ ಯಾವ ಗಾಡಿಯ ಟಿಕೆಟನ್ನಾದರೂ ಪಡೆಯುವಂತಾಯಿತು. ಆಮೇಲೆ ಇತರ ನಗರಗಳಿಗೂ ಹಬ್ಬಿತು. ಯಂತ್ರದ ವೇಗವನ್ನು ಎಲ್ಲರೂ ಹೊಗಳಿದರು. ಪುಸ್ತಕದ ಕಟ್ಟು ಬಿಟ್ಟು ಕಿಟಕಿಗಳೆಲ್ಲ ಒಂದಾದದ್ದರ ಲಾಭವನ್ನು ಗಮನಿಸಿದವರು ಕಡಿಮೆ.

ಜನರ ಬರುವಿಕೆಯನ್ನು ಹರಡುವುದು ಇನ್ನೊಂದು ಉಪಾಯ. ಜೀವಂತವಾಗಿದ್ದೇವೆಂಬ ಪ್ರಮಾಣಪತ್ರಕ್ಕೆ ಪಿಂಚಣಿದಾರರೆಲ್ಲ ನವೆಂಬರ್ ತಿಂಗಳಲ್ಲಿಯೇ ನುಗ್ಗಬೇಕಾಗಿದ್ದುದು ತಮಗೆಲ್ಲ ಗೊತ್ತು. ಎಂಬತ್ತು ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರು ಅಕ್ಟೋಬರ್ ಒಂದರಿಂದಲೇ ಕೊಡಬಹುದೆಂದು 2019ರಲ್ಲಿ ಆದೇಶವಾಯಿತು. 2014ರ ನವೆಂಬರ್‌ನಲ್ಲಿ ಆರಂಭವಾದ 'ಜೀವನ್ ಪ್ರಮಾಣ್' ಯೋಜನೆಯಿಂದ ಬೆರಳಚ್ಚು ಒತ್ತಿ, 2021ರಿಂದೀಚೆಗೆ ಮೊಬೈಲಿಗೆ ಮುಖ ತೋರಿಸಿ, ಮನೆಯಿಂದಲೇ ಕಳುಹಿಸುವ ಅನುಕೂಲವೂ ಇದೆ. ಮನೆಯಲ್ಲಿ ಹಿರಿಯರಿದ್ದರೆ ಮಕ್ಕಳು ಮೊಮ್ಮಕ್ಕಳು ಈ ಕೆಲಸವನ್ನು ಮಾಡಿಕೊಡಬೇಕೆಂದು ವಿನಂತಿ.

ಇನ್ನು, ಸಾಲನ್ನು ಅಳೆಯಲು ಗಡಿಯಾರ ಹಿಡಿದು ನಿಲ್ಲಬೇಕಾಗಿಯೂ ಇಲ್ಲ. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಎಂಬವರು ಒಂದು ಸರಳ ನಿಯಮವನ್ನು ಸಾಧಿಸಿ ತೋರಿಸಿದರು. ಒಳಗೆ ಸರಾಸರಿ ಎಷ್ಟು ಜನರಿದ್ದಾರೆಂಬುದನ್ನು ಗಂಟೆಗೆ ಎಷ್ಟು ಜನ ಬಂದುಹೋಗುತ್ತಾರೆಂಬುದರಿಂದ ಭಾಗಿಸಿದರೆ, ಒಬ್ಬೊಬ್ಬರೂ ಒಳಗೆ ಕಳೆಯುವ ಸರಾಸರಿ ಸಮಯ ಸಿಗುತ್ತದೆ. ಹಜಾರದಲ್ಲಿ ಸದಾ 18 ತಲೆಗಳು ಕಾಣುತ್ತಿದ್ದು, ಗಂಟೆಗೆ 9 ಜನ ಮುಗಿಸಿ ಹೋಗುತ್ತಿದ್ದರೆ, ಪ್ರತಿಯೊಬ್ಬರಿಗೂ ಸರಾಸರಿ ಎರಡು ಗಂಟೆ. ಗಾಜಿನ ಕೋಣೆಯಲ್ಲಿ ಕುಳಿತವನಿಗೆ ಇಷ್ಟು ಎಣಿಕೆ ಕಷ್ಟವಲ್ಲ. ನಾನು ಆಗ ಗುಮಾಸ್ತರನ್ನು ಎಣಿಸುತ್ತಿದ್ದೆ, ತಲೆಗಳನ್ನಲ್ಲ.

ಕಳೆದ ನವೆಂಬರ್‌ನಲ್ಲಿ ನನ್ನ ಪ್ರಮಾಣಪತ್ರವನ್ನು ಮೊಮ್ಮಗಳು ಎರಡು ನಿಮಿಷದಲ್ಲಿ ಕಳುಹಿಸಿಕೊಟ್ಟಳು. ನೆರೆಮನೆಯ ಅಜ್ಜಿಗೆ ಆ ಭಾಗ್ಯವಿರಲಿಲ್ಲ; ಹೊಲದ ಕೆಲಸದಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸಲಿಲ್ಲ, ಪೊರೆ ಬಂದ ಕಣ್ಣನ್ನು ಮೊಬೈಲೂ ಒಪ್ಪಲಿಲ್ಲ. ಕೈಹಿಡಿದು ಬ್ಯಾಂಕಿಗೆ ಕರೆದುಕೊಂಡು ಹೋದೆ. ನಮ್ಮ ಮುಂದೆ ಹದಿನಾಲ್ಕು ಜನರಿದ್ದರು. ಎರಡು ಕಿಟಕಿಗಳಲ್ಲಿ ಒಂದು ತೆರೆದಿತ್ತು. ಅಜ್ಜಿಯನ್ನು ಬೆಂಚಿನ ಮೇಲೆ ಕೂಡಿಸಿ, ಅವರ ಸರದಿಯಲ್ಲಿ ನಾನು ನಿಂತುಕೊಂಡೆ.