ಕೋಶ ಉಳಿಸುವ ಆಸೆಗೆ ಲಕ್ಷ ರೂಪಾಯಿ, ಕೈಕಾಲು ಆಡಿಸುವ ಮಾತ್ರೆಗೆ ಭಯ!

ಮನೆಯಲ್ಲಿ ಒಬ್ಬರಿಗೆ ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾದರೆ ಸಾಕು, ಸಲಹೆ ಕೊಡುವವರಿಗೆ ಬರವಿಲ್ಲ. ಅರಿಶಿನದ ಕ್ಯಾಪ್ಸೂಲ್ ಕೊಡಿ, ವಿಟಮಿನ್ ಇ ಕೊಡಿ, ಕ್ಯೂ10 ಅಂತ ಏನೋ ಬಂದಿದೆಯಂತೆ ತರಿಸಿ, ಸ್ಟೆಮ್ ಸೆಲ್ ಹಾಕಿಸಿದರೆ ಮೆದುಳು ಮತ್ತೆ ಚಿಗುರುತ್ತಂತೆ... ವಾಟ್ಸಾಪ್‌ನಲ್ಲಿ ದಿನಕ್ಕೊಂದು. ಎಲ್ಲದರ ಪಲ್ಲವಿ ಒಂದೇ: "ಇದು ಮೆದುಳಿನ ಜೀವಕೋಶಗಳನ್ನು ರಕ್ಷಿಸುತ್ತದೆ."

ಇದೇ ಜನ ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಸೇರಿಸುತ್ತಾರೆ. "ಆ ಲೆವೊಡೋಪ ಮಾತ್ರೆ ಇದೆಯಲ್ಲ, ಅದನ್ನ ಮಾತ್ರ ಬೇಗ ಶುರು ಮಾಡಬೇಡಿ. ಐದು ವರ್ಷ ಅಷ್ಟೇ ಅದರ ಆಟ. ಆಮೇಲೆ ಇರೋ ಕೋಶಗಳನ್ನೂ ಸುಟ್ಟುಹಾಕುತ್ತೆ."

ಎರಡೂ ಸುಳ್ಳು ಸ್ವಾಮಿ. ಮೊದಲನೆಯದು ಜೇಬು ಖಾಲಿ ಮಾಡುತ್ತದೆ. ಎರಡನೆಯದು ಇನ್ನೂ ಕ್ರೂರ, ರೋಗಿ ನೆಟ್ಟಗೆ ಬದುಕಬಹುದಾಗಿದ್ದ ವರ್ಷಗಳನ್ನೇ ನುಂಗಿಹಾಕುತ್ತದೆ.

ಮೊದಲು ಕಾಯಿಲೆಯ ವಿಷಯ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ ಇದನ್ನು ವಿವರವಾಗಿ ಬರೆದಿಟ್ಟ. ನಡುಮೆದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪನೆಯ ಭಾಗವಿದೆ. ಅಲ್ಲಿನ ಕೋಶಗಳು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುತ್ತವೆ, ನಮ್ಮ ಚಲನೆ ಸರಾಗವಾಗಿರಲು ಅದು ಬೇಕು. ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗಿ, ನಡಿಗೆ ನಿಧಾನವಾಗಿ, ನಮ್ಮ ಗಮನಕ್ಕೆ ಬರುವ ಹೊತ್ತಿಗೆ ಬಹುಪಾಲು ನಷ್ಟ ಆಗಿಹೋಗಿರುತ್ತದೆ. ಹಾಗಾಗಿ "ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ" ಎಂಬ ಆಸೆ ತಪ್ಪಲ್ಲ, ಸಹಜವೇ. ಆ ಆಸೆಯನ್ನು ಅಂಗಡಿ ಸರಕು ಮಾಡಿದ್ದಾರಲ್ಲ, ನನ್ನ ತಕರಾರು ಅದರ ಮೇಲೆ.

ವಿಜ್ಞಾನಿಗಳು ಪ್ರಯತ್ನ ಮಾಡಿಲ್ಲವೇ? ಮಾಡಿದ್ದಾರೆ, ಮೂರು ದಶಕಕ್ಕೂ ಹೆಚ್ಚು ಕಾಲದಿಂದ. ಲೆಕ್ಕ ನೋಡಿ. ಡೇಟಾಟಾಪ್ ಎಂಬ ಅಧ್ಯಯನದಲ್ಲಿ 800 ರೋಗಿಗಳ ಮೇಲೆ ವಿಟಮಿನ್ ಇ ಮತ್ತು ಸೆಲಿಜಿಲಿನ್ ಪರೀಕ್ಷೆ ಮಾಡಿದರು. 1993ರ ವರದಿ ಪ್ರಕಾರ ವಿಟಮಿನ್ ಇ ಸೊನ್ನೆ. ಸೆಲಿಜಿಲಿನ್‌ನಿಂದ ಅನುಕೂಲ ಕಂಡಿತು, ಆದರೆ ಅದು ಲಕ್ಷಣವನ್ನು ತಗ್ಗಿಸಿದ್ದರಿಂದಲೂ ಆಗಿರಬಹುದಾದ್ದರಿಂದ ಕೋಶ ಉಳಿಯಿತು ಎನ್ನುವಂತಿರಲಿಲ್ಲ. 2014ರಲ್ಲಿ ಕೋಎಂಜೈಮ್ ಕ್ಯೂ10, 600 ಜನ, ದಿನಕ್ಕೆ 2400 ಮಿಲಿಗ್ರಾಂವರೆಗೆ... ಪ್ರಯೋಜನವಿಲ್ಲ. 2015ರಲ್ಲಿ ಕ್ರಿಯಾಟಿನ್, 1741 ಜನ, ಪ್ರಯೋಜನವಿಲ್ಲ. 2020ರಲ್ಲಿ ಇಸ್ರಾಡಿಪಿನ್, 2021ರಲ್ಲಿ ಇನೊಸಿನ್, ಅದೇ ಕಥೆ. ಸಕ್ಕರೆ ಕಾಯಿಲೆಯ ಔಷಧಿ ಎಕ್ಸೆನಟೈಡ್ ಮೇಲೆ ಎಲ್ಲರಿಗೂ ಭಾರಿ ನಿರೀಕ್ಷೆಯಿತ್ತು. ಚಿಕ್ಕ ಪ್ರಯೋಗದಲ್ಲಿ ಗೆದ್ದಿತ್ತು ಕೂಡ. 194 ಜನರಿಗೆ 96 ವಾರ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಸೋತಿತು.

ಇವೆಲ್ಲ ಇಲಿಯ ಮೇಲೋ ಪ್ರಯೋಗಾಲಯದ ತಟ್ಟೆಯಲ್ಲಿನ ಕೋಶಗಳ ಮೇಲೋ ಭರವಸೆ ಹುಟ್ಟಿಸಿದಂಥವೇ. ಆದರೆ ಇಲಿಗೆ ವಿಷ ಚುಚ್ಚಿ ಕೆಲವೇ ದಿನಗಳಲ್ಲಿ ಬರಿಸುವ ನಡುಕ ಬೇರೆ, ಮನುಷ್ಯನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವ ಕೋಶಗಳ ಸಾವು ಬೇರೆ. "ಇಲಿಯಲ್ಲಿ ಯಶಸ್ವಿ" ಅಂತ ಸುದ್ದಿ ಬಂದ ಮರುದಿನವೇ ಬಾಟಲಿಯ ಮೇಲೆ "ಮೆದುಳಿನ ರಕ್ಷಕ" ಅಂತ ಚೀಟಿ ಅಂಟುತ್ತದೆ. ಮನುಷ್ಯರಲ್ಲಿ ಸೋತ ಸುದ್ದಿ ಬಂದಾಗ ಆ ಚೀಟಿ ಕಿತ್ತವರನ್ನು ನಾನು ನೋಡಿಲ್ಲ.

ಈಗ ಎರಡನೇ ಸುಳ್ಳಿಗೆ ಬನ್ನಿ. ತಟ್ಟೆಯಲ್ಲಿಟ್ಟ ಕೋಶಗಳ ಮೇಲೆ ಲೆವೊಡೋಪ ಸುರಿದಾಗ ಅವು ಸತ್ತವು, ನಿಜ. ಭಯ ಹುಟ್ಟಿದ್ದು ಅಲ್ಲಿಂದ. ಅದಕ್ಕೇ ರೋಗಿಗಳಲ್ಲೇ ಪರೀಕ್ಷೆ ಮಾಡಿದರು. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 361 ರೋಗಿಗಳಿಗೆ 40 ವಾರ ಲೆವೊಡೋಪ ಅಥವಾ ಹುಸಿಮಾತ್ರೆ ಕೊಟ್ಟು, ಆಮೇಲೆ ಎರಡು ವಾರ ಎಲ್ಲ ನಿಲ್ಲಿಸಿ ನೋಡಿದರು. ಲೆವೊಡೋಪ ತೆಗೆದುಕೊಂಡವರೇ ಚೆನ್ನಾಗಿದ್ದರು. ಸ್ಕ್ಯಾನ್ ಚಿತ್ರಗಳು ಮಾತ್ರ ಬೇರೆ ಹೇಳಿದ್ದರಿಂದ ಅನುಮಾನ ಉಳಿಯಿತು. ಕೊನೆಗೆ 2019ರಲ್ಲಿ ನೆದರ್‌ಲೆಂಡ್ಸ್‌ನವರು 445 ಜನರನ್ನು ಎರಡು ಗುಂಪು ಮಾಡಿದ ಅಧ್ಯಯನದ ಫಲಿತಾಂಶ ಕೊಟ್ಟರು. ಒಂದು ಗುಂಪಿಗೆ ಮೊದಲ ದಿನದಿಂದಲೇ ಲೆವೊಡೋಪ, ಇನ್ನೊಂದಕ್ಕೆ 40 ವಾರ ಹುಸಿಮಾತ್ರೆ, ಆಮೇಲೆ ಲೆವೊಡೋಪ. 80 ವಾರದ ಕೊನೆಗೆ ಇಬ್ಬರೂ ಸಮ. ಅಂದರೆ ಲೆವೊಡೋಪ ಕೋಶ ಉಳಿಸಲೂ ಇಲ್ಲ, ಕೊಲ್ಲಲೂ ಇಲ್ಲ. ಆದರೆ ಆ ಮೊದಲ 40 ವಾರ ಇತ್ತಲ್ಲ, ಆಗ ಮಾತ್ರೆ ಸಿಕ್ಕವರು ಆರಾಮವಾಗಿದ್ದರು. ಕಾದವರಿಗೆ ಆ ಕಾಯುವಿಕೆಯಿಂದ ಸಿಕ್ಕ ಬಡ್ಡಿ ಏನು? ಏನೂ ಇಲ್ಲ.

ಹಾಗಾದರೆ "ಐದು ವರ್ಷ"ದ ಕಥೆ? ಕೆಲವು ವರ್ಷಗಳ ನಂತರ ಮಾತ್ರೆಯ ಪರಿಣಾಮ ಬೇಗ ಇಳಿಯುವುದು, ಮೈ ತಾನಾಗಿ ಓಲಾಡುವುದು ಬಹಳ ಜನರಿಗೆ ಆಗುತ್ತದೆ, ಸುಳ್ಳಲ್ಲ. ಆದರೆ ಕಾರಣ ಯಾರು? ಘಾನಾ ದೇಶದಲ್ಲಿ ಮಾತ್ರೆ ಸುಲಭಕ್ಕೆ ಸಿಗದೆ ರೋಗಿಗಳು ತಡವಾಗಿ ಶುರು ಮಾಡುತ್ತಿದ್ದರು, ಇಟಲಿಯಲ್ಲಿ ಬೇಗ. ಇಬ್ಬರನ್ನೂ ಹೋಲಿಸಿ 2014ರಲ್ಲಿ ವರದಿ ಬರೆದರು. ತೊಂದರೆ ಶುರುವಾಗಿದ್ದು ಕಾಯಿಲೆಗೆ ಎಷ್ಟು ವರ್ಷವಾಯಿತು, ಡೋಸ್ ಎಷ್ಟಿತ್ತು ಎನ್ನುವುದರ ಮೇಲೆಯೇ ಹೊರತು, ಮಾತ್ರೆ ಎಷ್ಟು ವರ್ಷ ನುಂಗಿದರು ಎನ್ನುವುದರ ಮೇಲಲ್ಲ. ಮಾತ್ರೆಯನ್ನು "ಉಳಿತಾಯ" ಮಾಡಿಟ್ಟರೆ ಅದು ಬ್ಯಾಂಕಿನಲ್ಲಿ ಬೆಳೆಯುವುದಿಲ್ಲ, ಕಾಯಿಲೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತದೆ.

ನಮ್ಮ ಸೋದರತ್ತೆಗೆ ಹೀಗೇ ಆಯಿತು. ಡಾಕ್ಟರು ಬರೆದುಕೊಟ್ಟ ಲೆವೊಡೋಪ ಪಟ್ಟಿ ಕಪಾಟಿನಲ್ಲಿ, ದುಬಾರಿ ಟಾನಿಕ್ ಬಾಟಲಿಗಳು ಮೇಜಿನ ಮೇಲೆ. ಎರಡು ವರ್ಷ ಅವರು ಜಡೆ ಹಾಕಿಕೊಳ್ಳಲಿಲ್ಲ, ಯಾರ ಮನೆ ಊಟಕ್ಕೂ ಹೋಗಲಿಲ್ಲ. ಎಲೆಯ ಮುಂದೆ ಕೈ ನಡುಗಿದರೆ ಜನ ನೋಡುತ್ತಾರಲ್ಲ! ಮಾತ್ರೆ ಶುರುವಾದ ಕೆಲವು ವಾರಕ್ಕೆ ತಾವೇ ಹೂ ಕಟ್ಟಿದರು. ಆ ಎರಡು ವರ್ಷವನ್ನು ಯಾವ ಟಾನಿಕ್ ಕಂಪನಿ ವಾಪಸ್ ಕೊಡುತ್ತದೆ?

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇಲ್ಲಿ ಅಕ್ಷರಶಃ ಹಾಗೇ ಆಗಿದೆ. ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ತುರಿಸುವ ನಸುಗುನ್ನಿಯ ಬೀಜದಲ್ಲಿ ಇದೇ ಲೆವೊಡೋಪ ಇದೆ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ನಮ್ಮ ಸರ್ಪಗಂಧದಿಂದ ತೆಗೆದ ರೆಸರ್ಪಿನ್ ಕೊಟ್ಟು ಮೊಲಗಳನ್ನು ನಿಶ್ಚಲ ಮಾಡಿ, ಡೋಪ ಕೊಟ್ಟು ಮತ್ತೆ ಎಬ್ಬಿಸಿದ. 2000ದಲ್ಲಿ ಅವನಿಗೆ ನೊಬೆಲ್ ಬಂತು. (ಹಾಗಂತ ಬೀಜ ಕುಟ್ಟಿ ಕುಡಿಸಲು ಹೋಗಬೇಡಿ. ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣ, ಡೋಸ್ ಹಿಡಿಯುವುದು ಹೇಗೆ?) ಭಾರತದ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಅಗ್ಗದ ಮಾತ್ರೆಗೆ ಮರ್ಯಾದೆ ಇಲ್ಲ, ಬೆಲೆ ಜಾಸ್ತಿ ಇರುವುದಕ್ಕೆ ಆರತಿ!

ಆರತಿಯ ತುದಿಗೆ ಸ್ಟೆಮ್ ಸೆಲ್. ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತಸಂಬಂಧಿ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ ಉಳಿದೆಲ್ಲ ಪ್ರಯೋಗ ಮಾತ್ರ, ಹಣ ತೆಗೆದುಕೊಂಡು ಚಿಕಿತ್ಸೆ ಅಂತ ಕೊಡುವಂತಿಲ್ಲ. 2025ರಲ್ಲಿ ಅಮೆರಿಕ-ಕೆನಡಾದಲ್ಲಿ 12 ಜನರ, ಜಪಾನಿನಲ್ಲಿ 7 ಜನರ ನಿಜವಾದ ಪ್ರಯೋಗಗಳ ವರದಿ ಬಂತು. ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನೊಳಗೇ ಕೋಶ ಇಟ್ಟರು. ತೋಳಿಗೆ ಡ್ರಿಪ್ ಹಾಕಿ ಲಕ್ಷಗಟ್ಟಲೆ ಬಿಲ್ ಮಾಡುವವರಿಗೂ ಅದಕ್ಕೂ ಸಂಬಂಧವಿಲ್ಲ.

"ಹಾಗಾದರೆ ಆಸೆಯನ್ನೇ ಕಿತ್ತುಕೊಳ್ಳುತ್ತೀರಾ?" ಅಂತ ಕೇಳಬಹುದು. ಇಲ್ಲ. 2024ರಲ್ಲಿ ಲಿಕ್ಸಿಸೆನಟೈಡ್ 156 ಜನರಲ್ಲಿ ಸ್ವಲ್ಪ ಭರವಸೆ ತೋರಿಸಿದೆ. ನಾಳೆ ಯಾವುದೋ ಒಂದು ಗೆಲ್ಲಬಹುದು, ಗೆಲ್ಲಲಿ. ಆದರೆ ಆಸೆಯ ಜಾಗ ನೋಂದಾಯಿತ ಪ್ರಯೋಗ, ಬಿಲ್ ಪುಸ್ತಕವಲ್ಲ. ಪ್ರಯೋಗಕ್ಕೆ ಸೇರಿಸಿಕೊಳ್ಳಲು ಹಣ ಕೇಳಿದರೆ ಎದ್ದು ಬನ್ನಿ.

ಅಲ್ಲಿಯವರೆಗೆ ಬೇರೆ ಕೆಲಸ ಬೇಕಾದಷ್ಟಿದೆ. ವ್ಯಾಯಾಮ ಮಾಡಿಸಿ. ಟ್ರೆಡ್‌ಮಿಲ್ ಮೇಲೆ ಬಿರುಸಾಗಿ ನಡೆದವರ ಚಲನೆ ಆರು ತಿಂಗಳಲ್ಲಿ ಹೆಚ್ಚೇನೂ ಹದಗೆಡಲಿಲ್ಲ ಅಂತ 2018ರ 128 ಜನರ ಅಧ್ಯಯನ ಹೇಳಿದೆ, ಕೋಶ ಉಳಿಯಿತು ಅಂತ ಅದೂ ಹೇಳಿಲ್ಲ. ಊಟದ ಪ್ರೋಟೀನು ಲೆವೊಡೋಪಕ್ಕೆ ಅಡ್ಡ ಬರುತ್ತದೆ, ಹಾಗಾಗಿ ಮಾತ್ರೆಯ ಹೊತ್ತು ಡಾಕ್ಟರ ಹತ್ತಿರ ಕೇಳಿ ತಿಳಿಯಿರಿ. ವಾಕರಿಕೆ, ತಲೆಸುತ್ತು, ಇಲ್ಲದ್ದು ಕಾಣುವುದು ಇತ್ಯಾದಿ ಆದರೆ ತಕ್ಷಣ ತಿಳಿಸಿ, ಡೋಸ್ ಸರಿಮಾಡುತ್ತಾರೆ. ಸ್ವಂತ ಬುದ್ಧಿಯಿಂದ ಒಮ್ಮೆಲೇ ನಿಲ್ಲಿಸಬೇಡಿ, ಅದು ಪ್ರಾಣಕ್ಕೇ ಅಪಾಯ.

ಇನ್ನು ಮುಂದೆ ಯಾರಾದರೂ "ಇದು ಮೆದುಳಿನ ಕೋಶ ಉಳಿಸುತ್ತೆ" ಅಂದರೆ ಒಂದೇ ಪ್ರಶ್ನೆ ಕೇಳಿ: ಎಷ್ಟು ಜನ ಮನುಷ್ಯರಲ್ಲಿ, ಯಾವ ವರ್ಷ, ಹುಸಿಮಾತ್ರೆಯ ಎದುರು ಗೆದ್ದಿದೆ? ಉತ್ತರ ಬರದಿದ್ದರೆ ಪರ್ಸ್ ಒಳಗಿಡಿ. ಕಪಾಟಿನಲ್ಲಿರುವ ಮಾತ್ರೆಯನ್ನು ಹೊರತೆಗೆದು, ಡಾಕ್ಟರ ಹತ್ತಿರ ಹೋಗಿ.