ಬಾಯಿ ಬಿಟ್ಟವರ ಗತಿ

ಸಂಘಟಿತ ಪಾತಕ ಕೂಟವೊಂದರ ನಿಜವಾದ ಬಂಡವಾಳ ಯಾವುದು? ಬಂದೂಕು, ಹಣ ಎಂದು ಉತ್ತರಿಸುವುದು ಸುಲಭ. ಅವೆರಡನ್ನೂ ಹೇಗಾದರೂ ಸಂಪಾದಿಸಬಹುದು. ದಿನದಿನವೂ ಹೊಸದಾಗಿ ಹುಟ್ಟಿಸಿಕೊಳ್ಳಬೇಕಾದ ಬಂಡವಾಳವೆಂದರೆ ಕಂಡವರ ಮೌನ. ಸಿಸಿಲಿ ದ್ವೀಪದಲ್ಲಿ ಇದಕ್ಕೆ ‘ಒಮೆರ್ತಾ’ ಎಂಬ ಹೆಸರುಂಟು. ಮಾಫಿಯಾ ಈ ಮೌನವನ್ನು ಮಾನವಂತರ ಲಕ್ಷಣವೆಂದು ಸಾರಿತು. ಪೊಲೀಸರಿಗೆ ಸುಳಿವು ಕೊಟ್ಟವನನ್ನು ‘ಇನ್‌ಫಾಮೆ’, ಅಂದರೆ ಮಾನಗೆಟ್ಟವನು, ಎಂದು ಜರಿಯಿತು. ಆದರೆ ಆ ಮಾನದ ಒಳಗೆ ಇದ್ದದ್ದು ಬರಿಯ ಭಯವೆಂಬುದನ್ನು ಈ ‘ಕುಟುಂಬ’ಗಳ ಚರಿತ್ರೆಯೇ ಹೇಳುತ್ತದೆ.

ಆ ವ್ಯವಸ್ಥೆಯಲ್ಲಿ ಅಪರಾಧ ಸಾಬೀತಾಗಬೇಕಿರಲಿಲ್ಲ, ಸಂಶಯವೇ ಸಾಕಾಗಿತ್ತು. ಅಮೆರಿಕದ ಅಟ್ಲಾಂಟಾ ಸೆರೆಮನೆಯಲ್ಲಿದ್ದ ಜೋ ವಲಾಚಿ ಎಂಬಾತ, ತನ್ನ ನಾಯಕ ವಿಟೊ ಜಿನೊವೀಸ್ ತನ್ನನ್ನು ಬಾತ್ಮೀದಾರನೆಂದು ಬಗೆದು ಕೊಲ್ಲಿಸಲಿದ್ದಾನೆಂದು ನಂಬಿದ. 1962ರಲ್ಲಿ ಒಬ್ಬ ಕೈದಿಯನ್ನು ತನ್ನ ಕೊಲೆಗಾರನೆಂದು ತಪ್ಪಾಗಿ ಭಾವಿಸಿ ಕಬ್ಬಿಣದ ಕೊಳವೆಯಿಂದ ಹೊಡೆದು ಕೊಂದ. ಮರುವರ್ಷ ಸೆನೆಟ್ ಸಮಿತಿಯ ಮುಂದೆ ಕೂಟದ ಒಳಗುಟ್ಟನ್ನೆಲ್ಲ ಬಹಿರಂಗವಾಗಿ ನುಡಿದ. ಸಂಶಯವೇ ಒಬ್ಬ ನಿಷ್ಠಾವಂತನನ್ನು ಸಾಕ್ಷಿಯನ್ನಾಗಿ ಮಾಡಿತು.

ಸಿಸಿಲಿಯ ಕಥೆ ಇದಕ್ಕಿಂತ ದಾರುಣವಾದುದು. 1973ರಲ್ಲಿ ಲಿಯೊನಾರ್ದೊ ವಿತಾಲೆ ಎಂಬ ಯುವಕ ಪಲೆರ್ಮೊದ ಪೊಲೀಸ್ ಠಾಣೆಗೆ ತಾನಾಗಿ ನಡೆದುಬಂದು ತನ್ನ ಪಾಪಗಳನ್ನೂ ಮುಖಂಡರ ಹೆಸರುಗಳನ್ನೂ ಹೇಳಿಕೊಂಡ. ಪ್ರಭುತ್ವ ಅವನ ಮಾತನ್ನು ನಂಬಲಿಲ್ಲ. ಅವನು ಹುಚ್ಚನೆನಿಸಿಕೊಂಡು ಆಸ್ಪತ್ರೆ ಸೇರಿದ. ಮಾಫಿಯಾ ಮಾತ್ರ ಅವನ ಒಂದೊಂದು ಮಾತನ್ನೂ ನಂಬಿತ್ತು. 1984ರ ಡಿಸೆಂಬರಿನಲ್ಲಿ, ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, ಪ್ರಾರ್ಥನೆ ಮುಗಿಸಿ ತಾಯಿಯೊಡನೆ ಮರಳುತ್ತಿದ್ದ ಅವನಿಗೆ ಗುಂಡಿಕ್ಕಲಾಯಿತು. ಸತ್ಯ ನುಡಿದವನನ್ನು ಸರಕಾರ ಹುಚ್ಚನೆಂದು ಕೈಬಿಟ್ಟರೆ, ಉಳಿದ ಕೆಲಸವನ್ನು ಪಾತಕಿಗಳು ಪೂರೈಸುತ್ತಾರೆ.

ಬಾಯಿ ಬಿಟ್ಟವನು ಕೈಗೆ ಸಿಗದಿದ್ದರೆ ಅವನ ಮನೆಯವರು ಗುರಿಯಾಗುತ್ತಿದ್ದರು. 1989ರ ನವೆಂಬರಿನಲ್ಲಿ ಫ್ರಾಂಚೆಸ್ಕೊ ಮರೀನೊ ಮನ್ನೊಯಾ ಎಂಬ ಮಾಫಿಸಾಕ್ಷಿಯ ತಾಯಿ, ಸೋದರಿ ಮತ್ತು ಚಿಕ್ಕಮ್ಮ ಒಟ್ಟಿಗೇ ಕೊಲೆಯಾದರು. 1993ರ ನವೆಂಬರಿನಲ್ಲಿ ಸಾಂತಿನೊ ದಿ ಮತ್ತೆಯೊ ಎಂಬವನ ಹನ್ನೆರಡು ವರ್ಷದ ಮಗ ಜುಸೆಪ್ಪೆಯನ್ನು, ತಂದೆಯ ಬಳಿ ಕರೆದೊಯ್ಯುವೆವೆಂದು ನಂಬಿಸಿ, ಪೊಲೀಸರ ವೇಷದಲ್ಲಿ ಬಂದವರು ಒಯ್ದರು. ತಂದೆ ತನ್ನ ಹೇಳಿಕೆಯನ್ನು ಹಿಂದೆಗೆದುಕೊಳ್ಳಲೆಂದು 779 ದಿನ ಆ ಹುಡುಗನನ್ನು ಸೆರೆಯಲ್ಲಿಟ್ಟು, 1996ರ ಜನವರಿಯಲ್ಲಿ ಕತ್ತು ಹಿಸುಕಿ, ದೇಹವನ್ನು ಆಮ್ಲದಲ್ಲಿ ಕರಗಿಸಿದರು. ತಮ್ಮನ್ನು ‘ಕುಟುಂಬ’ವೆಂದು ಕರೆದುಕೊಳ್ಳುವವರು ಮಾಡಿದ ಕೆಲಸವಿದು. ಇಂಥ ಶಿಕ್ಷೆಯ ಗುರಿ ಸತ್ತವರಷ್ಟೇ ಅಲ್ಲ. ಅದು ಬದುಕಿರುವ ನೆರೆಹೊರೆಗೆ ಕಳುಹಿಸಿದ ಓಲೆ.

ಆ ಓಲೆ ಮನೆಯೊಳಗೂ ತಲುಪಿತ್ತು. ಮಾಫಿಯಾ ಮನೆತನದಲ್ಲೇ ಹುಟ್ಟಿ, ತಂದೆ ಮತ್ತು ಅಣ್ಣನ ಕೊಲೆಯ ಬಳಿಕ ಹದಿನೇಳರ ವಯಸ್ಸಿನಲ್ಲಿ ನ್ಯಾಯಾಧಿಕಾರಿ ಪಾವ್ಲೊ ಬೋರ್ಸೆಲಿನೊ ಅವರ ಮುಂದೆ ಸಾಕ್ಷಿ ನುಡಿದ ರೀತಾ ಆತ್ರಿಯಾಳನ್ನು ಹೆತ್ತ ತಾಯಿಯೇ ತಿರಸ್ಕರಿಸಿದಳು. 1992ರ ಜುಲೈ 19ರಂದು ಬೋರ್ಸೆಲಿನೊ ಬಾಂಬಿಗೆ ಬಲಿಯಾದರು. ಒಂದು ವಾರದಲ್ಲಿ ಆ ಹುಡುಗಿ ತನ್ನ ಪ್ರಾಣ ಕಳೆದುಕೊಂಡಳು. ಮಗಳ ಗೋರಿಯ ಕಲ್ಲನ್ನೂ ಆ ತಾಯಿ ಒಡೆದುಹಾಕಿದಳು.

ಇಷ್ಟಾದರೂ ಆ ಮೌನ ಮುರಿಯಿತು. 1984ರಲ್ಲಿ ತೊಮ್ಮಾಸೊ ಬುಷೆತ್ತಾ ನ್ಯಾಯಾಧಿಕಾರಿ ಜೊವಾನಿ ಫಾಲ್ಕೋನೆ ಅವರೆದುರು ಬಾಯಿ ಬಿಟ್ಟ. ಆ ವೇಳೆಗಾಗಲೇ ಅವನ ಇಬ್ಬರು ಗಂಡುಮಕ್ಕಳು ಕಾಣೆಯಾಗಿದ್ದರು. ಅವನು ಮಾತನಾಡಿದ್ದು ಕೇಳುವವರೊಬ್ಬರಲ್ಲಿ ನಂಬಿಕೆ ಹುಟ್ಟಿದುದರಿಂದ. 1986ರಿಂದ 1987ರವರೆಗೆ ಪಲೆರ್ಮೊದಲ್ಲಿ ನಡೆದ ಮಹಾವಿಚಾರಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. 1991ರಲ್ಲಿ ಇಟಲಿ ಇಂಥ ಸಾಕ್ಷಿಗಳ ರಕ್ಷಣೆಗೆ ಕಾನೂನನ್ನೇ ರಚಿಸಿತು. ಇದಕ್ಕೆ ತೆತ್ತ ಬೆಲೆಯೂ ಕಡಿಮೆಯಲ್ಲ: 1992ರ ಮೇ 23ರಂದು ಫಾಲ್ಕೋನೆ, ಪತ್ನಿ ಮತ್ತು ಮೂವರು ಅಂಗರಕ್ಷಕರೊಡನೆ ಹತರಾದರು. ಆ ಬಾಲಕನ ಕೊಲೆಗೆ ಅಪ್ಪಣೆ ಕೊಟ್ಟ ಜೊವಾನಿ ಬ್ರುಸ್ಕಾ ತಾನೂ ಸರಕಾರದ ಸಾಕ್ಷಿಯಾಗಿ, ಇಪ್ಪತ್ತೈದು ವರ್ಷಗಳ ಸೆರೆವಾಸದ ನಂತರ 2021ರಲ್ಲಿ ಬಿಡುಗಡೆಗೊಂಡ. ಈ ನ್ಯಾಯ ಕಹಿಯಾದುದು ನಿಜ. ಆದರೆ ಮೌನದಿಂದ ಅಷ್ಟೂ ನ್ಯಾಯ ದೊರೆಯುತ್ತಿರಲಿಲ್ಲ.

ಹೊರನಾಡಿನ ಕನ್ನಡಿಗರ ಪತ್ರಿಕೆಗೆ ಸಿಸಿಲಿಯ ಗೊಡವೆ ಏಕೆಂದು ಓದುಗರು ಕೇಳಬಹುದು. 1990ರ ದಶಕದ ಮುಂಬಯಿಯನ್ನು ಬಲ್ಲ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಫ್ತಾ ಬೆದರಿಕೆಗೆ ಗುರಿಯಾದವರಲ್ಲಿ ನಮ್ಮ ಕರಾವಳಿಯಿಂದ ಬಂದ ಹೋಟೆಲು ಮಾಲೀಕರೂ ಇದ್ದರು. ಪರಊರಿನಲ್ಲಿ ಬದುಕು ಕಟ್ಟಿಕೊಂಡವನಿಗೆ ‘ನಮಗೇಕೆ ಊರ ಉಸಾಬರಿ’ ಎಂಬುದು ಮೊದಲ ಪಾಠ. ಆ ಮಾತನ್ನು ನಾನು ಹೇಡಿತನವೆನ್ನಲಾರೆ. ಗಲ್ಲಾಪೆಟ್ಟಿಗೆಯ ಹಿಂದೆ ಒಬ್ಬಂಟಿಯಾಗಿ ಕುಳಿತವನಿಗೆ ಧೈರ್ಯದ ಉಪದೇಶ ಮಾಡುವುದು ಸುಲಭ. ಅವನನ್ನು ಒಬ್ಬಂಟಿಯಾಗಿ ಬಿಟ್ಟವರು ಯಾರೆಂಬುದೇ ನನ್ನ ಪ್ರಶ್ನೆ.

ನಮ್ಮ ದೇಶದಲ್ಲಿ ಸಾಕ್ಷಿಗಳ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟು ಮುದ್ರೆಯೊತ್ತಿದ್ದು 2018ರಲ್ಲಿ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಪ್ರತಿಯೊಂದು ರಾಜ್ಯವೂ ಇಂಥ ಯೋಜನೆಯನ್ನು ರೂಪಿಸಬೇಕೆಂದು ವಿಧಿಸಿದೆ. ಕಾನೂನು ಕಾಗದದಲ್ಲಿದ್ದರೆ ಸಾಲದು. ಸಾಕ್ಷಿ ನುಡಿದು ಮನೆಗೆ ಮರಳಿದವನ ಬಾಗಿಲಲ್ಲಿ ಅದು ಕಾವಲು ನಿಲ್ಲಬೇಕು. ಅದರ ಜೊತೆಗೆ ನಮ್ಮ ಸಂಘಗಳದೂ ಒಂದು ಕರ್ತವ್ಯವಿದೆ. ದೂರು ಕೊಡಲು ಹೊರಟ ನಮ್ಮವನೊಬ್ಬನ ಜೊತೆಗೆ ಠಾಣೆಯ ಮೆಟ್ಟಿಲು ಹತ್ತಲು ನಾಲ್ಕು ಮಂದಿ ಸಿದ್ಧರಾದರೆ, ರಾಜ್ಯೋತ್ಸವದ ವೇದಿಕೆಯ ಮೇಲೆ ನಾವಾಡುವ ಒಗ್ಗಟ್ಟಿನ ಮಾತಿಗೆ ಅರ್ಥ ಬಂದೀತು.