ಶೋಲಾವರಂನಿಂದ ಇತ್ತ

ಮೋಟಾರ್ ರೇಸಿನ ಬಗ್ಗೆ ಕನ್ನಡದಲ್ಲಿ ಬರೆದದ್ದೇ ಕಡಿಮೆ. ಆ ಅಷ್ಟರಲ್ಲೂ ಕಾರು ಓಡಿಸಿದವರಿದ್ದಾರೆ, ದುಡ್ಡು ಹಾಕಿದವರಿದ್ದಾರೆ, ಕಾರು ಕಟ್ಟಿದವರಿಲ್ಲ. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಪಾನಾ ಹಿಡಿದು, ರೇಸ್ ಕಾರುಗಳ ಬೆನ್ನು ಹತ್ತಿ ಮದ್ರಾಸಿನ ಶೋಲಾವರಂವರೆಗೆ ಹೋದ ನನ್ನಂಥವರೆಲ್ಲ ಈಗ ಅರವತ್ತು ದಾಟಿದವರು. ನಮಗೆ ಕೆಲಸ ಕಲಿಸಿದ ಮೇಸ್ತ್ರಿಗಳಲ್ಲಿ ಹೆಚ್ಚಿನವರು ಉಳಿದಿಲ್ಲ. ಏನು ಗಳಿಸಿದೆವು, ಏನು ಬಿಟ್ಟೆವು ಎಂಬ ಲೆಕ್ಕವನ್ನು ಇನ್ನು ಮುಂದಕ್ಕೆ ಹಾಕುವಂತಿಲ್ಲ.

ಶೋಲಾವರಂ ರೇಸ್ ಟ್ರ್ಯಾಕ್ ಎಂದು ಕಟ್ಟಿದ ಜಾಗವಲ್ಲ. ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ. ಯುದ್ಧ ಮುಗಿದ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರು ಅಲ್ಲಿ ರೇಸ್ ನಡೆಸುತ್ತ ಬಂದರು. ರನ್‌ವೇ ಎಂದರೆ ಉದ್ದಕ್ಕೆ ನೇರ ದಾರಿ, ಕೊನೆಯಲ್ಲಿ ಗಕ್ಕನೆ ತಿರುವು. ನೇರ ದಾರಿಯಲ್ಲಿ ಇಂಜಿನ್ ಕಿರುಚುತ್ತಲೇ ಇರಬೇಕು, ತಿರುವಿನಲ್ಲಿ ಬ್ರೇಕ್ ಡ್ರಮ್ ಕಾದು ಕೆಂಪಾಗಬೇಕು. ಕಾರಿನ ಯಾವ ದೌರ್ಬಲ್ಯವನ್ನೂ ಅದು ಮುಚ್ಚಿಡುತ್ತಿರಲಿಲ್ಲ. ಎಷ್ಟೋ ಮಂದಿ ರೇಸಿಗೆ ಬಿಡುವ ಕಾರನ್ನೇ ಕೋಲಾರ, ಚಿತ್ತೂರಿನ ಮೇಲೆ ಓಡಿಸಿಕೊಂಡು ಹೋಗಿ, ಅಲ್ಲಿ ಸೈಲೆನ್ಸರ್ ಬಿಚ್ಚಿ, ರೇಸ್ ಮುಗಿಸಿ, ಮತ್ತೆ ಸೈಲೆನ್ಸರ್ ಕಟ್ಟಿ ಅದೇ ಕಾರಿನಲ್ಲಿ ಊರಿಗೆ ಬರುತ್ತಿದ್ದರು. ಅದೇ ಟ್ರ್ಯಾಕಿನ ಮೇಲೆ ವಿಜಯ ಮಲ್ಯ ಹಳೆಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ತರಿಸಿ ಓಡಿಸಿದ್ದೂ ಉಂಟು. ಆದರೆ ರೇಸಿನ ಜೀವ ಇದ್ದದ್ದು ಫಿಯೆಟ್‌ಗಳಲ್ಲಿ.

ಬೇರೆ ಕಾರು ಎಲ್ಲಿತ್ತು? ಫಿಯೆಟ್, ಅಂಬಾಸಡರ್, ಸ್ಟ್ಯಾಂಡರ್ಡ್ ಹೆರಾಲ್ಡ್: ಇಷ್ಟೇ. ಹೊರದೇಶದ ಬಿಡಿಭಾಗ ಬೇಕೆಂದರೆ ಪರವಾನಗಿ, ಸುಂಕ, ಕಾಯುವಿಕೆ. ಫಿಯೆಟ್ ಪದ್ಮಿನಿಯ 1089 ಸಿಸಿ ಇಂಜಿನ್ ಕೊಡುತ್ತಿದ್ದದ್ದು ಸುಮಾರು 40 ಅಶ್ವಶಕ್ತಿ. ಅದರಿಂದ ಇನ್ನಷ್ಟು ಹಿಂಡುವುದೇ ನಮ್ಮ ವಿದ್ಯೆ. ಇಂಜಿನ್ ಇಳಿಸಿ ಹೆಡ್‌ಗೆ ಫೇಸಿಂಗ್ ಹೊಡೆಸಿ ಕಂಪ್ರೆಷನ್ ಏರಿಸುವುದು. ಅತಿಯಾದರೆ ಬಂಕಿನ ಪೆಟ್ರೋಲಿಗೆ ನಾಕಿಂಗ್ ಶುರುವಾಗಿ ಪಿಸ್ಟನ್ ತೂತಾಗುತ್ತದೆ, ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಬೇಕು. ಗಾಳಿ ಒಳಬರುವ ದಾರಿಯನ್ನು ಅರದಿಂದ ಉಜ್ಜಿ, ಎಮರಿ ಪೇಪರ್ ಹಾಕಿ, ಬೆರಳಿಗೆ ಎಲ್ಲೂ ತೊಡರದಂತೆ ನಯ ಮಾಡುವುದು. ಪೇಸ್ಟ್ ಹಚ್ಚಿ ವಾಲ್ವ್‌ಗಳನ್ನು ಕೈಯಲ್ಲೇ ತಿರುವಿ ತಿರುವಿ ಕೂರಿಸುವುದು. ಸ್ಟೀರಿಂಗ್ ಪಕ್ಕದ ಗೇರ್ ಲಿವರನ್ನು ನೆಲಕ್ಕೆ ತರುವುದು. ಸೀಟು, ಚಾಪೆ, ಬಾಗಿಲಿನ ಒಳಹೊದಿಕೆ ಕಿತ್ತೆಸೆದು ಭಾರ ಇಳಿಸುವುದು.

ಮಿಕ್ಸ್ಚರ್ ಸರಿಯಿದೆಯೇ ಎಂದು ನೋಡಲು ಇದ್ದದ್ದು ಕಣ್ಣೊಂದೇ. ಡ್ರೈವರ್ ನೇರ ದಾರಿಯಲ್ಲಿ ಪೂರ್ತಿ ವೇಗಕ್ಕೆ ಏರಿಸಿ, ಅಲ್ಲೇ ಕ್ಲಚ್ ಒತ್ತಿ, ಇಗ್ನಿಷನ್ ಆಫ್ ಮಾಡಿ, ಕಾರನ್ನು ಉರುಳಿಸಿಕೊಂಡು ನಮ್ಮ ಹತ್ತಿರ ತರಬೇಕು. ಇಂಜಿನ್ ನಿಧಾನಕ್ಕೆ ಓಡಿದರೆ ಪ್ಲಗ್ಗಿನ ಬಣ್ಣ ಬದಲಾಗಿ ಸುಳ್ಳು ಹೇಳುತ್ತದೆ. ಸುಡುವ ಪ್ಲಗ್ ಬಿಚ್ಚಿ, ಬಿಸಿಲಿಗೆ ಓರೆ ಹಿಡಿದು, ಒಳಗಿನ ಪಿಂಗಾಣಿಯನ್ನು ನೋಡಬೇಕು. ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗಿದ್ದರೆ ಕಡಿಮೆ, ಇಂಜಿನ್ ಸುಟ್ಟೀತು. ‘ಹುರಿದ ಕಡಲೆಬೀಜದ ಬಣ್ಣ ಬರಬೇಕು ನೋಡಪ್ಪ’ ಎನ್ನುತ್ತಿದ್ದರು ನಮ್ಮ ಮೇಸ್ತ್ರಿ. ಬಣ್ಣ ನೋಡಿ ಕಾರ್ಬುರೇಟರಿನ ಜೆಟ್ ಬದಲಿಸುವುದು. ಬೇಕಾದ ಅಳತೆಯ ಜೆಟ್ ಸಿಗದಿದ್ದರೆ, ಇದ್ದದ್ದನ್ನೇ ಸಣ್ಣ ರೀಮರ್‌ನಿಂದ ಕೂದಲೆಳೆಯಷ್ಟು ಅಗಲ ಮಾಡುವುದು. ನಾಲ್ಕೂ ಸಿಲಿಂಡರಿನ ಪ್ಲಗ್‌ಗಳನ್ನು ಸಾಲಾಗಿಟ್ಟು, ಅವುಗಳಲ್ಲೊಂದು ಮಾತ್ರ ಬೇರೆ ಬಣ್ಣಕ್ಕಿದ್ದರೆ ಅದೇ ಸಿಲಿಂಡರಿನ ವಾಲ್ವನ್ನೋ ರಿಂಗನ್ನೋ ಶಂಕಿಸುವುದು. ಇದನ್ನು ಯಾವ ಪುಸ್ತಕವೂ ನಮಗೆ ಹೇಳಿರಲಿಲ್ಲ.

ಬೆಂಗಳೂರಿಗೆ ರೇಸಿನಲ್ಲೂ ರ‍್ಯಾಲಿಯಲ್ಲೂ ಇದ್ದ ಬಲ ಶ್ರೀಮಂತರಿಂದ ಬಂದದ್ದು ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡದ್ದು ಬೇರೆ. ಎಚ್‌ಎಂಟಿ, ಎಚ್‌ಎಎಲ್‌ನಂಥ ಕಾರ್ಖಾನೆಗಳಲ್ಲಿ ಪಳಗಿದ ಟರ್ನರ್‌ಗಳು, ಫಿಟ್ಟರ್‌ಗಳು ಈ ಊರಿನ ತುಂಬ ಇದ್ದರು. ಮಿಲಿಮೀಟರಿನ ನೂರನೇ ಒಂದು ಭಾಗ ಎಂದರೆ ಏನೆಂದು ಅವರ ಕೈಗೆ ಗೊತ್ತಿತ್ತು. ಕಲಾಸಿಪಾಳ್ಯದ ಲೇತ್ ಅಂಗಡಿಗಳಲ್ಲಿ, ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಅಂಥವರು ನಮಗಾಗಿ ಫ್ಲೈವೀಲ್ ತೂಕ ಇಳಿಸಿಕೊಟ್ಟರು, ಬುಷ್ ಕಡೆದುಕೊಟ್ಟರು. ಮಿಕ್ಕದ್ದು ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ಮದ್ರಾಸಿಗೆ ಹೋದಾಗ ಪುದುಪೇಟೆಯಲ್ಲಿ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000 ರ‍್ಯಾಲಿಗೆ ಇಳಿದ ಕಾರುಗಳ ಒಳಗೂ ಇದೇ ಕೈಗಳ ಕೆಲಸವಿತ್ತು. ಸಾರ್ವಜನಿಕ ಉದ್ಯಮಗಳು ಈ ನಾಡಿಗೆ ಕೊಟ್ಟದ್ದರ ಪಟ್ಟಿ ಮಾಡುವವರು ಇದನ್ನೂ ಸೇರಿಸಿಕೊಳ್ಳಲಿ.

ಆದರೂ ‘ಆ ಕಾಲವೇ ಚೆಂದ’ ಎನ್ನುವವರ ಗುಂಪಿನಲ್ಲಿ ನಾನಿಲ್ಲ. ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ ತೆಗೆದು ಆ ಧೂಳನ್ನು ಬಾಯಿಂದ ಊದುತ್ತಿದ್ದೆವು. ಪೈಪಿಟ್ಟು ಪೆಟ್ರೋಲನ್ನು ಬಾಯಲ್ಲಿ ಎಳೆಯುತ್ತಿದ್ದೆವು, ಸೀಸ ಬೆರೆತ ಅದೇ ಪೆಟ್ರೋಲಿನಲ್ಲಿ ಕೈ ತೊಳೆಯುತ್ತಿದ್ದೆವು. ಬೆಂಕಿ ತಡೆಯುವ ಉಡುಪು ಡ್ರೈವರಿಗೇ ಅಪರೂಪ, ಮೆಕ್ಯಾನಿಕ್ಕಿಗೆ ಬನಿಯನ್ನೇ ಗತಿ. ಜನ ಟ್ರ್ಯಾಕಿಗೆ ಎಷ್ಟು ಹತ್ತಿರ ನಿಲ್ಲುತ್ತಿದ್ದರೆಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಕೂಲಿಯ ಮಾತು ಬೇರೆ: ಕಾರು ಗೆದ್ದರೆ ಖುಷಿಯಿಂದ ಕೊಟ್ಟಷ್ಟು, ಸೋತರೆ ಕೇಳುವಂತಿಲ್ಲ.

ಬದಲಾವಣೆ ಶುರುವಾದದ್ದು 1983ರ ಕೊನೆಗೆ ಮಾರುತಿ 800 ಬಂದಾಗ. ಹಗುರ ಕಾರು, ಮೂರು ಸಿಲಿಂಡರಿನ 796 ಸಿಸಿ ಇಂಜಿನ್. ಕೊಯಮತ್ತೂರಿನ ಎಸ್. ಕರಿವರ್ಧನ್ ಆ ಇಂಜಿನ್ನನ್ನೇ ಇಟ್ಟು ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಟ್ಟಿದರು. ಕಡಿಮೆ ಖರ್ಚಿನಲ್ಲಿ ಈ ದೇಶದ ಹುಡುಗರಿಗೆ ನಿಜವಾದ ರೇಸ್ ಕಾರು ಸಿಕ್ಕಿದ್ದು ಆಗ. ನನ್ನ ಮಟ್ಟಿಗೆ ಭಾರತೀಯ ರೇಸಿಂಗ್‌ಗೆ ಅವರಿಗಿಂತ ಹೆಚ್ಚು ಕೊಟ್ಟವರಿಲ್ಲ. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದೇ. ಅಷ್ಟರಲ್ಲಿ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈನಲ್ಲಿ 3.7 ಕಿಲೋಮೀಟರಿನ ಟ್ರ್ಯಾಕ್ ಬಂದಿತ್ತು, ಶೋಲಾವರಂ ಹಿಂದೆ ಉಳಿದಿತ್ತು. 2005ರಲ್ಲಿ ಕೊಯಮತ್ತೂರಿನದೇ ಹುಡುಗ ನಾರಾಯಣ್ ಕಾರ್ತಿಕೇಯನ್ ಜೋರ್ಡನ್ ತಂಡದ ಫಾರ್ಮುಲಾ ಒನ್ ಕಾರಿನಲ್ಲಿ ಕೂತರು.

ಇಂದಿನ ರೇಸ್ ಮೆಕ್ಯಾನಿಕ್ ಲ್ಯಾಪ್‌ಟಾಪ್ ಬಿಚ್ಚಿ ಸೆನ್ಸರ್ ಹೇಳಿದ್ದನ್ನು ಓದುತ್ತಾನೆ. ಅದು ಪ್ಲಗ್ಗಿನ ಬಣ್ಣಕ್ಕಿಂತ ನಿಖರ, ಅದರಲ್ಲಿ ಅನುಮಾನವಿಲ್ಲ. ಎಲ್ಲರಿಗೂ ಒಂದೇ ಕಾರು, ಇಂಜಿನ್‌ಗೆ ಸೀಲ್, ಬಿಚ್ಚಿದರೆ ಅನರ್ಹ ಎಂಬ ನಿಯಮದ ರೇಸ್‌ಗಳೂ ಹೆಚ್ಚಿವೆ. ಡ್ರೈವರಿನ ತಾಕತ್ತನ್ನು ಅಳೆಯಲು ಅದು ನ್ಯಾಯವಾದ ದಾರಿ, ಖರ್ಚೂ ಹಿಡಿತದಲ್ಲಿರುತ್ತದೆ. ನನ್ನ ತಕರಾರು ಒಂದೇ. ಗ್ಯಾರೇಜಿಗೆ ಸೇರಿದ ಹುಡುಗನೊಬ್ಬ ಇಂಜಿನ್ ಇಳಿಸುತ್ತ, ಹೆಡ್ ಉಜ್ಜುತ್ತ ರೇಸಿನ ಒಳಗೆ ಬರುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು. 2011ರಿಂದ 2013ರವರೆಗೆ ಬುದ್ಧ್ ಸರ್ಕ್ಯೂಟಿನಲ್ಲಿ ಫಾರ್ಮುಲಾ ಒನ್ ನಡೆದಾಗ ಟ್ರ್ಯಾಕ್ ಪಕ್ಕದಲ್ಲಿ ಬಾವುಟ ಹಿಡಿದ ಮಾರ್ಷಲ್‌ಗಳಲ್ಲಿ ನಮ್ಮವರಿದ್ದರು. ಗ್ಯಾರೇಜಿನೊಳಗೆ ಕೆಲಸ ಮಾಡಿದವರು ತಂಡಗಳ ಜೊತೆಗೇ ಬಂದಿದ್ದರು. 2024ರಲ್ಲಿ ಚೆನ್ನೈನ ರಸ್ತೆಗಳಲ್ಲೇ ದೀಪದ ಬೆಳಕಿನಲ್ಲಿ ರಾತ್ರಿ ರೇಸ್ ನಡೆಯಿತು. ಸಂತೋಷ. ಆದರೆ ಅಂಥ ರೇಸಿಗೆ ಮುಂದಿನ ಮೆಕ್ಯಾನಿಕ್‌ಗಳು ಎಲ್ಲಿಂದ ಬರಬೇಕು?

ಐಟಿಐ ಮುಗಿಸಿದ ಮಕ್ಕಳನ್ನು ಕ್ಲಬ್‌ಗಳು ರೇಸಿನ ವಾರಗಳಲ್ಲಿ ತಂಡಗಳ ಜೊತೆ ಸೇರಿಸಿ, ಸ್ಟೈಪೆಂಡ್ ಕೊಟ್ಟು ಕಲಿಸಬಹುದು. ಇಂಜಿನ್‌ಗೆ ಕೈ ಹಾಕಲು ಬಿಡುವ ಒಂದು ವರ್ಗದ ರೇಸನ್ನಾದರೂ ಉಳಿಸಿಕೊಳ್ಳಬಹುದು. ಫಲಿತಾಂಶದ ಹಾಳೆಯಲ್ಲಿ ಡ್ರೈವರಿನ ಹೆಸರಿನ ಕೆಳಗೆ ಮೆಕ್ಯಾನಿಕ್ಕಿನ ಹೆಸರನ್ನೂ ಅಚ್ಚು ಹಾಕಬಹುದು. ಅದಕ್ಕೆ ಖರ್ಚೇನೂ ಇಲ್ಲ. ಹಳೆಯ ಶೋಲಾವರಂ ಫಲಿತಾಂಶಗಳನ್ನು ಮುಂದಿಟ್ಟರೆ, ಯಾವ ಕಾರಿನ ಇಂಜಿನ್ ಯಾರು ಕಟ್ಟಿದ್ದು, ಯಾವ ಲೇತ್‌ನಲ್ಲಿ ಏನು ಕಡೆದದ್ದು ಎಂದು ಬಾಯಲ್ಲೇ ಹೇಳಬಲ್ಲ ಕೆಲವರು ಬೆಂಗಳೂರು, ಕೊಯಮತ್ತೂರು, ಚೆನ್ನೈಗಳಲ್ಲಿ ಇನ್ನೂ ಇದ್ದಾರೆ. ಕ್ಲಬ್‌ಗಳು ಅವರ ಬಳಿ ಈ ವರ್ಷವೇ ಹೋಗಲಿ.